ಕಚ್ಚಿಕೊಂಡ ಕ್ಯಾಲಿಪರ್ ಪಿಸ್ಟನ್ ಹೊರಗೆ ತೆಗೆಯೋದು ಹೇಗೆ?

ಪ್ರಶ್ನೆ: ಹಳೇ ಬೈಕು. ಮುಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್‌ನಲ್ಲಿ (ಡಿಸ್ಕನ್ನು ಹಿಡಿಯೋ ಭಾಗ) ಒಂದೇ ಬದಿಗೆ ಎರಡು ಪಿಸ್ಟನ್ (ಪ್ಯಾಡ್ ಒತ್ತೋ ಉರುಳೆ). ಲಿವರ್ ಬಿಟ್ಟ ಮೇಲೂ ಚಕ್ರ ಬಿಗಿಯಾಗೇ ಇರುತ್ತೆ, ಸ್ವಲ್ಪ ದೂರ ಓಡಿಸಿದರೆ ಡಿಸ್ಕ್ ಕಾದು ಹೋಗುತ್ತೆ. ಒಂದು ಪಿಸ್ಟನ್ ಅಲ್ಲಾಡ್ತಾನೇ ಇಲ್ಲ. ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿ ಎಳೆಯಬಹುದಾ?

ಉತ್ತರ: ಪ್ಲೈಯರ್ ಮಾತ್ರ ಬೇಡ ಸರ್. ಬ್ರೇಕ್ ಆಯಿಲ್ ತಡೆಯೋ ರಬ್ಬರ್ ಸೀಲ್ ಒತ್ತಿಕೊಂಡಿರೋದು ಪಿಸ್ಟನ್‌ನ ಹೊರಮೈಗೆ. ಅಲ್ಲಿ ಗೀರು ಬಿದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ಸೋರುತ್ತೆ.

ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಚಕ್ರ ಬಿಗಿದಿರುವಾಗಲೇ ಬ್ಲೀಡ್ ನಿಪ್ಪಲ್ (ಕ್ಯಾಲಿಪರ್‌ನಿಂದ ಗಾಳಿ ತೆಗೆಯೋ ಸ್ಕ್ರೂ) ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ ಅಂತ: ಹೋಸ್ (ಆಯಿಲ್ ಪೈಪು) ಒಳಗಡೆ ಊದಿರಬೇಕು, ಇಲ್ಲವೇ ಮಾಸ್ಟರ್ ಸಿಲಿಂಡರ್‌ನಲ್ಲಿ (ಲಿವರ್ ಬಳಿಯ ಪಂಪು) ಆಯಿಲ್ ವಾಪಸ್ ಹೋಗೋ ಸಣ್ಣ ತೂತು ಕಟ್ಟಿರಬೇಕು. ಬಿಡದಿದ್ದರೆ ಕಚ್ಚಿಕೊಂಡಿರೋದು ಪಿಸ್ಟನ್ ಅಥವಾ ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಜಾರೋ ಕಡ್ಡಿ). ಇದನ್ನು ನೋಡದೆ ಎಷ್ಟೋ ಜನ ಸುಮ್ಮನೆ ಕ್ಯಾಲಿಪರ್ ಬಿಚ್ಚಿ ಕೂರ್ತಾರೆ.

ಪಿಸ್ಟನ್ನೇ ಅಂತಾದರೆ ಹೋಸ್ ಬಿಚ್ಚಬೇಡಿ. ಪ್ಯಾಡ್ ತೆಗೆದು, ಸಲೀಸಾಗಿ ಬರೋ ಪಿಸ್ಟನ್‌ಗೆ ಮರದ ತುಂಡು ಕೊಟ್ಟು ಜಿ-ಕ್ಲಾಂಪ್‌ನಲ್ಲಿ ತಡೆದು, ನಿಧಾನಕ್ಕೆ ಲಿವರ್ ಒತ್ತುತ್ತಾ ಹೋಗಿ. ಮೇಲಿನ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಬಾರದು. ಎರಡೂ ಅಂಚಿಗೆ ಬಂದ ಮೇಲೇ ಹೋಸ್ ಬಿಚ್ಚಿ. ಒಂದು ಮೊದಲೇ ಕಳಚಿಬಿದ್ದರೆ ಇನ್ನೊಂದಕ್ಕೆ ಒತ್ತಡವೇ ಸಿಗಲ್ಲ.

ಪ್ರಶ್ನೆ: ಲಿವರ್ ಕಲ್ಲಿನ ಹಾಗೆ ಗಟ್ಟಿ, ಪಿಸ್ಟನ್ ಬರ್ತಿಲ್ಲ. ಕಂಪ್ರೆಸರ್ ಗಾಳಿ ಬಿಡಲಾ?

ಉತ್ತರ: ಲಿವರ್‌ಗೆ ಜಗ್ಗದ್ದು ಗಾಳಿಗೆ ಜಗ್ಗೋದು ಕಷ್ಟ, ಲಿವರ್ ಕೊಡೋ ಒತ್ತಡವೇ ಎಷ್ಟೋ ಪಟ್ಟು ಜಾಸ್ತಿ. ಮೇಲಾಗಿ ಗಾಳಿಗೆ ಪಿಸ್ಟನ್ ಗುಂಡಿನಂತೆ ಹಾರುತ್ತೆ, ಬೆರಳು ಅಡ್ಡ ಇದ್ದರೆ ಕಥೆ ಮುಗೀತು. ಗ್ರೀಸ್ ಗನ್ ಬಳಸಿ. ಕ್ಯಾಲಿಪರ್ ಬಿಚ್ಚಿ, ಹೋಸ್ ಬೋಲ್ಟಿನ ತೂತಿಗೆ ಅದೇ ಥ್ರೆಡ್ಡಿನ ಗ್ರೀಸ್ ನಿಪ್ಪಲ್ ಕೂರಿಸಿ. ಬಹುತೇಕ ಜಪಾನಿ ಬೈಕುಗಳಲ್ಲಿ ಅದು ಎಂ10 (10 ಮಿಮೀ ದಪ್ಪ), 1.25 ಪಿಚ್ (ಥ್ರೆಡ್ಡಿನ ಅಂತರ), ಕೆಲವದರಲ್ಲಿ 1.0, ಹಳೇ ಬೋಲ್ಟ್ ಅಳೆದೇ ತನ್ನಿ. ಬ್ಲೀಡ್ ನಿಪ್ಪಲ್ ಬಿಗಿದು ಗ್ರೀಸ್ ತುಂಬುತ್ತಾ ಹೋದರೆ ಪಿಸ್ಟನ್ ಮೆಲ್ಲಗೆ ಹೊರಗೆ ಬರುತ್ತೆ. ಆಮೇಲೆ ಒಳಗಿನ ದಾರಿಯಲ್ಲೆಲ್ಲಾ ಒಂಚೂರೂ ಗ್ರೀಸ್ ಉಳಿಯಬಾರದು, ಉಳಿದರೆ ಸೀಲ್ ಊದುತ್ತೆ.

ಇನ್ನೊಬ್ಬರು: ಅದೇ ಕಾರಣಕ್ಕೆ ತೊಳೆಯೋಕೆ ಪೆಟ್ರೋಲ್, ಸೀಮೆಎಣ್ಣೆ ಬೇಡ. ಬ್ರೇಕ್ ಕ್ಲೀನರ್ ಸಾಕು.

ಪ್ರಶ್ನೆ: ಬಂತು ಸರ್! ಸೀಲ್ ಕೂರೋ ತೋಡಿನಲ್ಲಿ ಬಿಳೀ ಪುಡಿ ಗಟ್ಟಿಯಾಗಿದೆ. ಪಿಸ್ಟನ್ ಓಡೋ ಸಿಲಿಂಡರ್ ಗೋಡೆಯಲ್ಲೂ ಕಲೆ ಇದೆ.

ಉತ್ತರ: ನಿಜವಾದ ಕಳ್ಳ ಆ ಪುಡಿಯೇ. ಬ್ರೇಕ್ ಆಯಿಲ್ ತೇವ ಹೀರಿಕೊಳ್ಳುತ್ತೆ, ಅಲ್ಯೂಮಿನಿಯಂ ತುಕ್ಕು ಹಿಡಿದು ತೋಡು ತುಂಬುತ್ತೆ, ಸೀಲ್ ಒಳಕ್ಕೆ ತಳ್ಳಿಸಿಕೊಂಡು ಪಿಸ್ಟನ್ನನ್ನು ಅಮುಕುತ್ತೆ. ಲಿವರ್ ಬಿಟ್ಟಾಗ ಪಿಸ್ಟನ್ ಹಿಂದೆ ಸರಿಯೋದು ಆ ಸೀಲ್ ಬಾಗಿ ವಾಪಸ್ ನೆಟ್ಟಗಾಗೋದರಿಂದ; ಬಾಗೋಕೆ ಜಾಗವೇ ಇಲ್ಲದಿದ್ದರೆ ಬ್ರೇಕ್ ಹಿಡಿದೇ ಇರುತ್ತೆ. ಹಿತ್ತಾಳೆ ಅಥವಾ ಮರದ ಕಡ್ಡಿಯಿಂದ ಮೂಲೆಮೂಲೆ ಕೆರೆಯಿರಿ, ಉಕ್ಕಿನದ್ದು ಬೇಡ. ಗೋಡೆಯ ಸಣ್ಣ ಕಲೆಗೆ ತಲೆ ಕೆಡಿಸಿಕೊಳ್ಳಬೇಡಿ. ಪಿಸ್ಟನ್ ಮೇಲೆ ಸೀಲ್ ಓಡೋ ಜಾಗದಲ್ಲಿ ಉಗುರಿಗೆ ತಾಗೋ ಗುಳಿ ಇದ್ದರೆ ಹೊಸ ಪಿಸ್ಟನ್ನೇ ಹಾಕಿ.

ದಪ್ಪ ಸೀಲ್ ಒಳಗೆ, ಧೂಳು ತಡೆಯೋ ತೆಳ್ಳಗಿನ ಡಸ್ಟ್ ಸೀಲ್ ಹೊರಗೆ. ಹೊಸ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ ನೆಟ್ಟಗೆ ಹೆಬ್ಬೆರಳಲ್ಲೇ ಒತ್ತಿ. ಕೈಗೆ ಹೋಗದಿದ್ದರೆ ತೋಡು ಇನ್ನೂ ಸ್ವಚ್ಛವಾಗಿಲ್ಲ. ಸ್ಲೈಡ್ ಪಿನ್‌ಗೆ ಸಿಲಿಕಾನ್ ಗ್ರೀಸ್, ಹೋಸ್ ಬೋಲ್ಟಿಗೆ ಹೊಸ ವಾಷರ್ ಎರಡು. ಡಬ್ಬಿ ಮುಚ್ಚಳದ ಮೇಲೆ ಬರೆದಿರೋ ಆಯಿಲ್ಲೇ ಹಾಕಿ. ಡಾಟ್ 4 ದರ್ಜೆಯ ಆಯಿಲ್ ಜಾಗಕ್ಕೆ ಡಾಟ್ 5 ಆಗಲ್ಲ, ಅದು ಸಿಲಿಕಾನ್. ಗಾಳಿ ತೆಗೆದು, ಲಿವರ್ ಗಟ್ಟಿಯಾದ ಮೇಲೆ ಚಕ್ರ ಎತ್ತಿ ತಿರುಗಿಸಿ ನೋಡಿ. ಪ್ಯಾಡ್ ಸಣ್ಣಗೆ ಸವರಿದ ಸದ್ದು ಬಂದರೆ ಚಿಂತೆಯಿಲ್ಲ.