ಹಾಟ್‌ಸ್ಪಾಟ್‌ಗೆ ಫೋನ್ ಕನೆಕ್ಟ್ ಆಗುತ್ತೆ, ಇಂಟರ್ನೆಟ್ ಮಾತ್ರ ಬರಲ್ಲ (ಡೆಬಿಯನ್ 12 ಲಿನಕ್ಸ್)

ಪ್ರಶ್ನೆ:
ನಮಸ್ಕಾರ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಳೇ ಮನೆ. ಜಗಲಿಯಲ್ಲಿರುವ ರೂಟರ್‌ನ ವೈಫೈ ಒಳಕೋಣೆಗೆ ಮುಟ್ಟಲ್ಲ. ಅದಕ್ಕೇ ಒಳಗಿನ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಎಳೆದು, ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿದ್ದೇನೆ. ಫೋನ್‌ನಲ್ಲಿ ಹೆಸರು ಕಾಣುತ್ತೆ, ಪಾಸ್‌ವರ್ಡ್ ತಗೊಳ್ಳುತ್ತೆ, ಆಮೇಲೆ ಇಂಟರ್ನೆಟ್ ಇಲ್ಲ ಅನ್ನುತ್ತೆ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ ಇದೆ. ಕೆಲವು ಸಲ ರೀಬೂಟ್ ಆದಮೇಲೆ ಫೋನ್‌ನಲ್ಲೂ ಚೆನ್ನಾಗಿ ಬರುತ್ತೆ, ಇದೇ ಅರ್ಥ ಆಗ್ತಿಲ್ಲ. ಮಗಳ ಪಾಠ ಇದರ ಮೇಲೇ ನಡೀಬೇಕು, ದಯವಿಟ್ಟು ನೋಡಿ.

ಉತ್ತರ:
ಫೋನ್ ಸೇರಿಕೊಳ್ಳುತ್ತಿದೆ ಅಂದ ಮೇಲೆ ಕಾರ್ಡ್, ಡ್ರೈವರ್ ಎರಡೂ ಸರಿ ಇವೆ, ಆ ಕಡೆ ಹುಡುಕಬೇಡಿ ಸರ್. ಫೋನ್‌ಗೆ ಸಿಕ್ಕಿರುವ ಐಪಿ ವಿಳಾಸ ಏನು? 10.42.0 ರಿಂದ ಶುರುವಾದರೆ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೇವೆ, ಕೆಲಸ ಮಾಡುತ್ತಿದೆ. ಆಮೇಲೆ ಫೋನ್‌ನಿಂದ 10.42.0.1 ಕ್ಕೆ (ಅದು ನಿಮ್ಮ ಲ್ಯಾಪ್‌ಟಾಪ್) ಒಂದು ಪಿಂಗ್, 8.8.8.8 ಕ್ಕೆ (ಅದು ಹೊರಗಿನ ಗೂಗಲ್ ಸರ್ವರ್) ಒಂದು ಪಿಂಗ್ ಮಾಡಿ, ಉತ್ತರ ಬರುತ್ತಾ ನೋಡಿ. ಎರಡೂ ಹೋದರೆ ತೊಂದರೆ ಡಿಎನ್ಎಸ್‌ನದ್ದು, ಅಂದರೆ ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆಯದ್ದು. ಮೊದಲನೆಯದು ಮಾತ್ರ ಹೋದರೆ ಲ್ಯಾಪ್‌ಟಾಪ್ ಪ್ಯಾಕೆಟ್‌ಗಳನ್ನು ಆಚೆ ದಾಟಿಸುತ್ತಿಲ್ಲ.

ಪ್ರಶ್ನೆ ಕೇಳಿದವರು:
ವಿಳಾಸ 10.42.0 ದೇ. 10.42.0.1 ಕ್ಕೆ ಉತ್ತರ ಬರುತ್ತೆ, 8.8.8.8 ಕ್ಕೆ ಇಲ್ಲ. ಐಪಿ ಫಾರ್ವರ್ಡ್ (ಪ್ಯಾಕೆಟ್ ದಾಟಿಸುವ ಸೆಟ್ಟಿಂಗ್) ನೋಡಿದೆ, 1 ಇದೆ, ಅಂದರೆ ಆನ್.

ಉತ್ತರ:
ಲ್ಯಾಪ್‌ಟಾಪ್‌ನಲ್ಲಿ ಡಾಕರ್ (ಪ್ರೋಗ್ರಾಮ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಇದೆಯೇ? ಸುಡೋ (ಅಡ್ಮಿನ್ ಅನುಮತಿ) ಹಾಕಿ, ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ಚೈನ್ (ಯಂತ್ರ ದಾಟಿ ಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ತೆರೆದು ಮೊದಲ ಸಾಲು ನೋಡಿ. ಪಾಲಿಸಿ ಡ್ರಾಪ್ ಅಂತ ಇರುತ್ತೆ ಅನ್ನಿಸುತ್ತಿದೆ, ಅಂದರೆ ಯಾವ ನಿಯಮಕ್ಕೂ ಸೇರದ ಪ್ಯಾಕೆಟ್ ಬಿಸಾಡು ಅಂತ.

ಪ್ರಶ್ನೆ ಕೇಳಿದವರು:
ಹೌದು, ಡ್ರಾಪ್ ಅಂತಲೇ ಇದೆ! ಡಾಕರ್ ಆಫೀಸ್ ಕೆಲಸಕ್ಕೆ ಹಾಕಿದ್ದು. ಆದರೆ ಅದಕ್ಕೂ ವೈಫೈಗೂ ಏನು ಸಂಬಂಧ?

ಉತ್ತರ:
2017ರಲ್ಲಿ ಬಂದ 1.13 ಆವೃತ್ತಿಯಿಂದ ಡಾಕರ್ ಹೀಗೆ ಮಾಡುತ್ತೆ. ಅದು ಶುರುವಾಗುವಾಗ ಐಪಿ ಫಾರ್ವರ್ಡಿಂಗ್ ಆಫ್ ಇದ್ದರೆ ತಾನೇ ಆನ್ ಮಾಡಿ, ಹೊರಗಿನವರು ಈ ಯಂತ್ರವನ್ನು ದಾರಿಯಾಗಿ ಬಳಸದಿರಲಿ ಅಂತ ಫಾರ್ವರ್ಡ್ ಪಾಲಿಸಿಯನ್ನು ಡ್ರಾಪ್‌ಗೆ ಹಾಕುತ್ತೆ. ಮೊದಲೇ ಆನ್ ಇದ್ದರೆ ಪಾಲಿಸಿಯನ್ನು ಮುಟ್ಟಲ್ಲ. ಹಾಟ್‌ಸ್ಪಾಟ್ ಕೂಡ ಫಾರ್ವರ್ಡಿಂಗ್ ಆನ್ ಮಾಡುತ್ತೆ. ಹಾಗಾಗಿ ಬೂಟ್ ಆಗುವಾಗ ಹಾಟ್‌ಸ್ಪಾಟ್ ಮೊದಲು ಎದ್ದರೆ ನಿಮಗೆ ಇಂಟರ್ನೆಟ್ ಬರುತ್ತೆ, ಡಾಕರ್ ಮೊದಲು ಎದ್ದರೆ ಬರಲ್ಲ. ನಿಮ್ಮ "ಕೆಲವು ಸಲ" ಇದೇ.

ನೆಟ್‌ವರ್ಕ್ ಮ್ಯಾನೇಜರ್ ಅನುಮತಿ ಕೊಟ್ಟಿರುತ್ತೆ, ಆದರೆ ಎನ್ಎಫ್‌ಟೇಬಲ್ಸ್‌ನಲ್ಲಿ (ಐಪಿಟೇಬಲ್ಸ್ ನಂತರ ಬಂದ ಫೈರ್‌ವಾಲ್ ವ್ಯವಸ್ಥೆ) ತನ್ನದೇ ಬೇರೆ ಟೇಬಲ್‌ನಲ್ಲಿ. ಅಲ್ಲಿ ಒಂದು ಟೇಬಲ್ ಅಕ್ಸೆಪ್ಟ್ ಅಂದರೂ ಪ್ಯಾಕೆಟ್ ಇನ್ನೊಂದು ಟೇಬಲ್‌ನ ತಪಾಸಣೆಗೂ ಹೋಗಲೇಬೇಕು. ಎಲ್ಲಾದರೂ ಡ್ರಾಪ್ ಆಯಿತೋ, ಅಲ್ಲಿಗೆ ಮುಗಿಯಿತು.

ಬಹಳ ಜನ ಪಾಲಿಸಿಯನ್ನೇ ಅಕ್ಸೆಪ್ಟ್ ಮಾಡಿ ಅಂತ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಕಾಯುವವರಿಲ್ಲದೆ ಬಾಗಿಲು ಪೂರ್ತಿ ತೆರೆದ ಹಾಗೆ. ಡಾಕರ್-ಯೂಸರ್ ಅನ್ನೋ ಚೈನ್ ಇಂಥದ್ದಕ್ಕೇ ಇದೆ. ಅದರ ಮೇಲ್ಭಾಗಕ್ಕೆ ಎರಡೇ ನಿಯಮ ಸೇರಿಸಿ: ವೈಫೈಯಿಂದ ಬಂದು ಈಥರ್ನೆಟ್‌ಗೆ ಹೋಗುವುದೆಲ್ಲ ಅಕ್ಸೆಪ್ಟ್, ಈಥರ್ನೆಟ್‌ನಿಂದ ಬಂದು ವೈಫೈಗೆ ಹೋಗುವುದರಲ್ಲಿ ಎಸ್ಟಾಬ್ಲಿಶ್ಡ್ ಮತ್ತು ರಿಲೇಟೆಡ್ (ಆಗಲೇ ಶುರುವಾಗಿರುವ ಸಂಪರ್ಕಕ್ಕೆ ಸೇರಿದವು) ಮಾತ್ರ ಅಕ್ಸೆಪ್ಟ್. ಇಂಟರ್ಫೇಸ್ ಹೆಸರುಗಳನ್ನು ನಿಮ್ಮ ಯಂತ್ರದಲ್ಲೇ ನೋಡಿ ಹಾಕಿ, ಬೇರೆಯವರದ್ದನ್ನು ನಕಲು ಮಾಡಿದರೆ ಹೊಂದಲ್ಲ. ರೀಬೂಟ್ ಆದರೆ ಇವು ಅಳಿಸಿಹೋಗುತ್ತವೆ, ಹಾಗಾಗಿ ಡಾಕರ್ ಆದ ನಂತರ ಓಡುವಂತೆ ಒಂದು ಚಿಕ್ಕ ಸಿಸ್ಟಮ್‌ಡಿ ಸರ್ವಿಸ್ (ಬೂಟ್ ಆಗುವಾಗ ತಾನೇ ಓಡುವ ಕೆಲಸ) ಬರೆದಿಡಿ.

ಪ್ರಶ್ನೆ ಕೇಳಿದವರು:
ಬಂತು ಸರ್! ಎರಡನೇ ನಿಯಮ ಹಾಕಿದ ಕೂಡಲೇ ಫೋನ್‌ನಲ್ಲಿ ನಿಂತಿದ್ದ ಮೆಸೇಜ್‌ಗಳೆಲ್ಲ ಒಟ್ಟಿಗೆ ಬಂದವು. ತುಂಬಾ ಥ್ಯಾಂಕ್ಸ್. ಇನ್ನೊಂದು ವಿಷಯ: ಬ್ಯಾಂಡ್ 5 ಗಿಗಾಹರ್ಟ್ಸ್ ಮಾಡಿದರೆ ಹಾಟ್‌ಸ್ಪಾಟ್ ಏಳೋದೇ ಇಲ್ಲ. ಕಾರ್ಡ್ ಇಂಟೆಲ್‌ನದ್ದು.

ಉತ್ತರ:
ಟರ್ಮಿನಲ್‌ನಲ್ಲಿ ಐಡಬ್ಲ್ಯೂ ಲಿಸ್ಟ್ ಅನ್ನೋ ಕಮಾಂಡ್ ಕೊಟ್ಟು 5 ಗಿಗಾಹರ್ಟ್ಸ್ ಚಾನೆಲ್‌ಗಳ ಮುಂದೆ "ನೋ ಐಆರ್" ಇದೆಯಾ ನೋಡಿ. ಇದ್ದರೆ ಆ ಚಾನೆಲ್‌ನಲ್ಲಿ ಕಾರ್ಡ್ ತಾನಾಗಿ ಪ್ರಸಾರ ಶುರು ಮಾಡುವಂತಿಲ್ಲ. ಇಂಟೆಲ್ ಕಾರ್ಡ್‌ಗಳಲ್ಲಿ ಇದನ್ನು ಕಾರ್ಡ್‌ನೊಳಗೇ ಓಡುವ ಫರ್ಮ್‌ವೇರೇ ನಿರ್ಧರಿಸುತ್ತೆ, ದೇಶದ ಕೋಡ್ ಬದಲಿಸಿ ಪ್ರಯೋಜನವಿಲ್ಲ. ಒಂದು ಕೋಣೆಯ ಪಾಠಕ್ಕೆ 2.4 ಸಾಕು, ಚಾನೆಲ್ 1, 6, 11 ರಲ್ಲಿ ಖಾಲಿ ಇರೋದನ್ನು ಆರಿಸಿ. 5 ಬೇಕೇ ಬೇಕು ಅಂದರೆ ಮೀಡಿಯಾಟೆಕ್ ಎಂಟಿ7612ಯು ಚಿಪ್‌ನ ಯುಎಸ್‌ಬಿ ಅಡಾಪ್ಟರ್ ಹುಡುಕಿ, ಡ್ರೈವರ್ ಕರ್ನಲ್‌ನಲ್ಲೇ ಇದೆ. ಮತ್ತೆ, ಮುಚ್ಚಳ ಹಾಕಿದರೆ ಲ್ಯಾಪ್‌ಟಾಪ್ ಸಸ್ಪೆಂಡ್ ಆಗದ ಹಾಗೆ ಸೆಟ್ಟಿಂಗ್ ಬದಲಿಸಿಡಿ, ಇಲ್ಲದಿದ್ದರೆ ಪಾಠದ ಮಧ್ಯೆ ವೈಫೈ ಹೋಗುತ್ತೆ.