ಡಿಬೇಟಿಂಗ್ ಸೊಸೈಟಿ ಚುನಾವಣೆ: 1, 2, 3 ಅಂತ ಬರೆದ ಓಟು ಎಣಿಸಿದವರು ಯಾರಾದರೂ ಇದ್ದೀರಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದ್ತಿದ್ದೇನೆ. ಮುಂದಿನ ತಿಂಗಳು ನಮ್ಮ ಡಿಬೇಟಿಂಗ್ ಸೊಸೈಟಿಯ ಚುನಾವಣೆ. ಯಾವ ಹುದ್ದೆಗೂ ನಿಲ್ಲದವಳು ನಾನೊಬ್ಬಳೇ ಅಂತ ನನ್ನನ್ನೇ ಚುನಾವಣಾಧಿಕಾರಿ ಮಾಡಿ ಕೂರಿಸಿದ್ದಾರೆ. ಇಲ್ಲಿ ಟಿಕ್ ಹಾಕೋದಲ್ಲ, ಹೆಸರುಗಳ ಎದುರು 1, 2, 3 ಬರೆಯೋದು. ಪಟ್ಟಿಯ ಕೊನೆಗೆ ‘ರಾನ್’ ಅಂತ ಬೇರೆ ಇದೆ. ಜಗಳ ಎಲ್ಲಿ ಹುಟ್ಟುತ್ತೆ ಅಂತ ಮೊದಲೇ ಗೊತ್ತಾದರೆ ಒಳ್ಳೇದು.

ಬೆಂಗಳೂರಿನಿಂದ: ನಾನೂ ಅಲ್ಲಿ ಓದುವಾಗ ಈ ಕೆಲಸ ಮಾಡಿ ಬೈಸಿಕೊಂಡವನು. ರಾನ್ ಅಂದರೆ ‘ರೀ-ಓಪನ್ ನಾಮಿನೇಷನ್ಸ್’. ಇವರ್ಯಾರೂ ಬೇಡ, ಮತ್ತೆ ನಾಮಪತ್ರ ಕರೀರಿ ಅನ್ನೋ ಓಟು. ನಮ್ಮ ನೋಟಾ ಥರ ಅಂದ್ಕೋಬೇಡಿ. ನಮ್ಮ ಲೋಕಸಭೆ ಚುನಾವಣೆಯಲ್ಲಿ ನೋಟಾಗೆ ಎಷ್ಟೇ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರು ಗೆದ್ದಂತೆ. ರಾನ್ ಗೆದ್ದರೆ ಮಾತ್ರ ನಾಮಪತ್ರ ಮತ್ತೆ ಕರೆಯಲೇಬೇಕು. ಒಬ್ಬರೇ ನಿಂತ ಹುದ್ದೆಗೂ ಓಟು ನಡೆಯೋದು ಇದಕ್ಕೇ.

ನಮ್ಮಲ್ಲಿ ಅಧ್ಯಕ್ಷ ಹುದ್ದೆಗೆ ಮೂವರು, ಜೊತೆಗೆ ರಾನ್. 52 ಚೀಟಿ. ಉದ್ದನೆಯ ಮೇಜಿನ ಮೇಲೆ 1 ಯಾರಿಗಿದೆಯೋ ಅವರ ಕಟ್ಟಿಗೆ ಹಾಕುತ್ತಾ ಹೋದೆವು. ಮೊದಲನೆಯವನಿಗೆ 21, ಎರಡನೆಯವಳಿಗೆ 17, ಮೂರನೆಯವನಿಗೆ 11, ರಾನ್‌ಗೆ 3. ಅರ್ಧ ದಾಟೋಕೆ ಬೇಕಾದ 27 ಯಾರಿಗೂ ಇಲ್ಲ. ಹಾಗಾಗಿ ತಳದಲ್ಲಿದ್ದ ರಾನ್ ಹೊರಗೆ. ಆ ಮೂರರಲ್ಲಿ ಒಂದರಲ್ಲಿ 2 ಅಂತ ಮೂರನೆಯವನಿಗೆ ಇತ್ತು. ಇನ್ನೆರಡರಲ್ಲಿ ಮುಂದೆ ಏನೂ ಬರೆದಿರಲಿಲ್ಲ. ಆಮೇಲೆ 12 ಆಗಿದ್ದ ಮೂರನೆಯವನ ಕಟ್ಟು ಬಿಚ್ಚಿದೆವು. 8 ಅವಳಿಗೆ, 2 ಮೊದಲನೆಯವನಿಗೆ, 2 ಮುಂದಕ್ಕೆ ಖಾಲಿ. ಕೊನೆಗೆ 25–23, ಅವಳು ಗೆದ್ದಳು.

ಜಗಳ ಶುರುವಾಗಿದ್ದೇ ಆಗ. “52ರಲ್ಲಿ 25 ಅರ್ಧ ಹೇಗಾಗುತ್ತೆ?” ಅಂತ ಸೋತವನ ವಾದ. ಡಿಬೇಟರ್ ಬೇರೆ, ಬಿಡ್ತಾನಾ? ನಲವತ್ತು ನಿಮಿಷ ನಿಂತು ಮಾತಾಡಿದ. ಚಾಲ್ತಿಯಲ್ಲಿ ಉಳಿದಿದ್ದ ಚೀಟಿ 48, ಅದರಲ್ಲಿ 25 ಅರ್ಧಕ್ಕಿಂತ ಜಾಸ್ತಿ, ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಹಾಗೇ ಲೆಕ್ಕ. ಆದರೆ ನಮ್ಮ ನಿಯಮಾವಳಿಯಲ್ಲಿ “ಅರ್ಧಕ್ಕಿಂತ ಹೆಚ್ಚು” ಅಂತಷ್ಟೇ ಇತ್ತು, ಯಾವುದರ ಅರ್ಧ ಅಂತ ಇರಲಿಲ್ಲ. ಪೆಟ್ಟಿಗೆ ತೆರೆಯೋಕೆ ಮುಂಚೆ ಆ ಒಂದು ಸಾಲು ಬರೆಸಿಕೊಳ್ಳಿ. ಸಮ ಸಮ ಬಂದರೆ ಏನು ಅನ್ನೋದನ್ನೂ.

ಧಾರವಾಡದಿಂದ: ತಂಗಿ, ಪದವೀಧರ ಕ್ಷೇತ್ರದ ಓಟು ಹಾಕಿದವ್ರಿಗೆ ಇದೇನು ಹೊಸಾದಲ್ಲ. ಬೂತಿನಾಗ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡ್ತಾರ, ಅದರಲೇನ ಬರೀಬೇಕು. 1 ಬರದರ ಸಾಕು, ಮುಂದಿಂದು ನಿಮ್ಮ ಮರ್ಜಿ. ೧, ೨ ಅಂತ ಕನ್ನಡ ಅಂಕಿನೂ ನಡೀತಾವ. ‘ಒಂದು’ ಅಂತ ಅಕ್ಷರದಾಗ ಬರದ್ರ ಓಟು ಹೋತು. ಟಿಕ್ ಹಾಕಿದ್ರೂ ಹೋತು, ಸಹಿ ಮಾಡಿದ್ರೂ ಹೋತು. ಡಿಗ್ರಿ ತಗೊಂಡವ್ರ ಓಟ ರಾಶಿಗಟ್ಟಲೆ ಅಸಿಂಧು ಆಗ್ತಾವ ನೋಡ್ರಿ! ಒಂದು ಮಾದರಿ ಚೀಟಿ ತುಂಬಿ ಗ್ವಾಡಿಗೆ ಹಚ್ಚರಿ.

ಮೈಸೂರಿನಿಂದ: ಎರಡನೇ ಪ್ರಾಶಸ್ತ್ಯದಲ್ಲಿ ಗೆದ್ದರೆ ಅರೆಗೆಲುವು ಅಂತ ಯಾರಾದರೂ ಅಂದರೆ 1969ರ ರಾಷ್ಟ್ರಪತಿ ಚುನಾವಣೆ ನೆನಪಿಸಿ. ಹಿಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರಿಗೆ ಬೇಕಿದ್ದದ್ದು 4,18,169. ಮೊದಲ ಎಣಿಕೆಯಲ್ಲಿ ಬಂದದ್ದು 4,01,515. ಎರಡನೇ ಪ್ರಾಶಸ್ತ್ಯ ಸೇರಿ 4,20,077 ಆಯಿತು.

ಅಂದಹಾಗೆ ಕಮಿಟಿಗೆ ನಾಲ್ವರನ್ನು ಒಟ್ಟಿಗೆ ಆರಿಸೋದಾದರೆ ಲೆಕ್ಕ ಬೇರೆ. 52ನ್ನು 5ರಿಂದ (ನಾಲ್ಕು ಸ್ಥಾನ, ಜೊತೆಗೆ ಒಂದು) ಭಾಗಿಸಿ, ಪೂರ್ಣ ಸಂಖ್ಯೆಗೆ ಒಂದು ಸೇರಿಸಿ: ಕೋಟಾ, ಅಂದರೆ ಗೆಲ್ಲೋಕೆ ಬೇಕಾದ ಓಟು, 11. ಒಬ್ಬರಿಗೆ 15 ಬಂದರೆ 4 ಹೆಚ್ಚುವರಿ. ಕಟ್ಟಿನ ಮೇಲಿನ ನಾಲ್ಕು ಚೀಟಿ ಎತ್ತಿ ಮುಂದೆ ಹಾಕಬೇಡಿ, ಯಾವ ನಾಲ್ಕು ಅನ್ನೋದರ ಮೇಲೆ ಫಲಿತಾಂಶವೇ ಬದಲಾಗಬಹುದು. ಹದಿನೈದನ್ನೂ ನೋಡಿ, ಒಂದೊಂದಕ್ಕೆ 4/15ರಷ್ಟು ಬೆಲೆ ಕಟ್ಟಿ ಸಾಗಿಸಿ. ಇದನ್ನು ಕಂಪ್ಯೂಟರಿಗೆ ಬಿಡೋದೇ ವಾಸಿ.

ಮಂಗಳೂರಿನಿಂದ: ಎಲ್ಲರೂ ಹೊಗಳ್ತಾ ಇದ್ದೀರಿ, ನನ್ನದೊಂದು ತಕರಾರು. ಕಾಲೇಜಲ್ಲಿ ನಾನು ನಿಂತಾಗ ಎರಡೂ ಬಣದವರು ನನಗೆ 2 ಕೊಟ್ಟಿದ್ದರು. 1 ಕೊಟ್ಟವರು ಆರೇ ಜನ. ಮೊದಲ ಸುತ್ತಲ್ಲೇ ಮನೆಗೆ ಹೋದೆ. ಆ ಎರಡುಗಳನ್ನು ಯಾರೂ ತೆರೆದೂ ನೋಡಲಿಲ್ಲ. ಎಲ್ಲರಿಗೂ ಬೇಕಾದವನು, ಯಾರಿಗೂ ಮೊದಲನೆಯವನಲ್ಲ ಅಂದರೆ ಈ ಪದ್ಧತಿಯಲ್ಲಿ ಉಳಿಗಾಲವಿಲ್ಲ.

ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ನಮ್ಮ ನಿಯಮಾವಳಿ ತೆಗೆದು ನೋಡಿದೆ. ಅದರಲ್ಲೂ ಬರೀ “ಅರ್ಧಕ್ಕಿಂತ ಹೆಚ್ಚು”! ಇವತ್ತೇ ಕಮಿಟಿಗೆ ಮೇಲ್ ಹಾಕ್ತೀನಿ. ಇನ್ನೊಂದು ಸಂಶಯ: ಒಬ್ಬ ಅಧ್ಯಕ್ಷನಿಗೂ ಕಾರ್ಯದರ್ಶಿಗೂ ಎರಡಕ್ಕೂ ನಿಂತಿದ್ದಾನೆ.

ಬೆಂಗಳೂರಿನಿಂದ: ನಿಯಮದಲ್ಲಿ ಅದಕ್ಕೆ ಅಡ್ಡಿ ಇಲ್ಲದಿದ್ದರೆ ಅಧ್ಯಕ್ಷ ಹುದ್ದೆಯನ್ನೇ ಮೊದಲು ಎಣಿಸಿ. ಗೆದ್ದನೋ, ಕಾರ್ಯದರ್ಶಿ ಚೀಟಿಗಳಲ್ಲಿ ಅವನ ಹೆಸರು ಹೊಡೆದುಹಾಕಿ. ಅವನಿಗೆ 1 ಕೊಟ್ಟವರ ಓಟು ಅವರ 2ಕ್ಕೆ ಹೋಗುತ್ತೆ. ಈ ಕ್ರಮವನ್ನೂ ಅದೇ ಮೇಲ್‌ನಲ್ಲಿ ಸೇರಿಸಿಬಿಡಿ.