ಸ್ಪೇನಿನ ಹಳ್ಳಿಯಲ್ಲಿ ಒಂದು ವಾರ ಇಂಗ್ಲಿಷ್ ಮಾತಾಡೋದಕ್ಕೆ ಕನ್ನಡ ಮೀಡಿಯಂನವರು ಹೋಗಬಹುದಾ?

ಬದಿಯಡ್ಕ ಟೀಚರ್:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ 56 ತುಂಬಿ ರಿಟೈರ್ ಆದೆ. ಬದಿಯಡ್ಕದ ಹತ್ತಿರ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಬೆಂಗಳೂರಿನಲ್ಲಿರುವ ಮಗಳು ಮೊನ್ನೆ ಒಂದು ವಿಷಯ ಕಳಿಸಿದಳು. ಸ್ಪೇನಿನ ಯಾವುದೋ ಹಳ್ಳಿಯ ಹೋಟೆಲಿನಲ್ಲಿ ಇಂಗ್ಲಿಷ್ ಕಲಿಯುವ ಅಲ್ಲಿನವರು, ಸುಮಾರು ಅಷ್ಟೇ ಮಂದಿ ಇಂಗ್ಲಿಷ್ ಬಲ್ಲ ಸ್ವಯಂಸೇವಕರು ಒಂದು ವಾರ ಒಟ್ಟಿಗೆ ಇದ್ದು ಬೆಳಗ್ಗೆಯಿಂದ ರಾತ್ರಿವರೆಗೆ ಇಂಗ್ಲಿಷಿನಲ್ಲೇ ಮಾತಾಡಬೇಕಂತೆ. ಕೋಣೆ, ಊಟ ಫ್ರೀ. ಸಂಬಳ ಇಲ್ಲ, ಟಿಕೆಟ್ ನಮ್ಮದೇ.

ನನ್ನದು ಪಾಠದ ಇಂಗ್ಲಿಷ್. ಪ್ಯಾಸಿವ್ ವಾಯ್ಸ್ ಬೇಕಾದರೆ ನಿದ್ದೆಯಲ್ಲೂ ಹೇಳುತ್ತೇನೆ, ಆದರೆ ಇಡೀ ದಿನ ಒಬ್ಬರ ಹತ್ತಿರ ಇಂಗ್ಲಿಷಿನಲ್ಲಿ ಹರಟೆ ಹೊಡೆದದ್ದು ನೆನಪಿಲ್ಲ. ಸ್ಟಾಫ್ ರೂಮಿನಲ್ಲಿ ಕನ್ನಡ ಮಲಯಾಳ, ಮನೆಯಲ್ಲಿ ಹವ್ಯಕ, ತೋಟಕ್ಕೆ ಬರುವವರ ಹತ್ತಿರ ತುಳು. ನಡುವೆ ಇಂಗ್ಲಿಷಿಗೆ ಜಾಗ ಎಲ್ಲಿ? ಮೇಲಾಗಿ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. "ಅಡಿಕೆಗೆ ಮದ್ದು ಬಿಡುವ ಹೊತ್ತಿಗೆ ಮಾತ್ರ ಹೋಗಬೇಡ" ಅಂತ ಇವರು ನಗುತ್ತಾರೆ. ಯಾರಾದರೂ ಹೋಗಿ ಬಂದವರಿದ್ದೀರಾ?

ಪೆರ್ಲದ ಮಾಣಿ:
ಟೀಚರ್, ನಾನು ಹೋಗಿದ್ದೆ. ಆಗ ಜರ್ಮನಿಯಲ್ಲಿ ಕೆಲಸದಲ್ಲಿದ್ದೆ, ಹಾಗಾಗಿ ವೀಸಾ ತಲೆಬಿಸಿ ಇರಲಿಲ್ಲ, ಅದನ್ನು ಬೇರೆಯವರು ಹೇಳಲಿ.

ಮ್ಯಾಡ್ರಿಡ್‌ನಿಂದ ಅವರದೇ ಬಸ್. ನಾವು ಇದ್ದದ್ದು ಸೋರಿಯಾ ಪ್ರಾಂತದಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯ ಐದು ಪಟ್ಟು ಜಾಗ, ಜನ ಒಂದು ಲಕ್ಷವೂ ಇಲ್ಲ. (ನಮ್ಮಲ್ಲಿ 2011ರ ಜನಗಣತಿಯಲ್ಲೇ 13 ಲಕ್ಷ ದಾಟಿತ್ತು.) ಎಳೆಯರೆಲ್ಲ ಪೇಟೆಗೆ ಹೋಗಿ ಊರು ಖಾಲಿ. ಚರ್ಚಿನ ಗೋಪುರದ ಮೇಲೆ ಕೊಕ್ಕರೆ ಗೂಡು, ಕೆಳಗೆ ಬೀಗ ಹಾಕಿದ ಮನೆಗಳು. ಸಾವಿರ ಮೀಟರ್ ಎತ್ತರದ ಬಯಲು, ಮೇ ತಿಂಗಳಲ್ಲೂ ರಾತ್ರಿ ನಡುಕ ಬರುತ್ತದೆ. ಸ್ವೆಟರ್ ಮರೆಯಬೇಡಿ.

ಕೆಲಸ ಅಂದರೆ ಮಾತು, ಅಷ್ಟೇ. ಒಂದು ಗಂಟೆ ಒಬ್ಬರ ಜೊತೆ, ಮುಂದಿನ ಗಂಟೆ ಇನ್ನೊಬ್ಬರ ಜೊತೆ, ಹೆಚ್ಚಾಗಿ ನಡೆಯುತ್ತಾ. ಊಟದ ಮೇಜಿನಲ್ಲೂ ಸ್ಪ್ಯಾನಿಷ್ ಬಂದ್. ಮೂರನೇ ದಿನಕ್ಕೆ ನನ್ನ ಗಂಟಲು ಕೂತಿತ್ತು. ಮಧ್ಯಾಹ್ನದ ಊಟ 2ಕ್ಕೆ, ಆಮೇಲೆ ಸಣ್ಣ ನಿದ್ದೆಗೆ ಬಿಡುತ್ತಾರೆ, ಅದನ್ನು ಮಾತ್ರ ತಪ್ಪಿಸಬೇಡಿ, ಯಾಕೆಂದರೆ ರಾತ್ರಿ ಊಟಕ್ಕೇ 9 ಆಗುತ್ತದೆ, ಅದರ ಮೇಲೂ ನಾಟಕ, ಹಾಡು ಅಂತ ಎಳೆಯುತ್ತಾರೆ.

ಒಬ್ಬರು ಔಷಧಿ ಅಂಗಡಿಯ ಹೆಂಗಸು ಸ್ಕೂಲಿಗೆ ಎಸ್ಕೂಲ್, ಸ್ಪೇನಿಗೆ ಎಸ್ಪೇನ್ ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಶಬ್ದದ ಶುರುವಿಗೆ ಸ್ಕ, ಸ್ಪ ಬರುವುದೇ ಇಲ್ಲ, ಮುಂದೆ ಎ ಇರಲೇಬೇಕು. ನಮ್ಮ ಅಜ್ಜಿಯೂ ಇಸ್ಕೂಲು ಅಂತಲೇ ಹೇಳುವುದು ಅಂದೆ. ಅವರು ನಿಂತು ನಕ್ಕರು, ಆಮೇಲೆ ನಾಚಿಕೆ ಬಿಟ್ಟು ಮಾತಾಡಿದರು.

ಫೋನ್ ಪಾಠ ಅಂತ ಒಂದು ಇದೆ. ನೀವು ಒಂದು ಕೋಣೆಯಲ್ಲಿ, ಅವರು ಇನ್ನೊಂದರಲ್ಲಿ. ಮುಖ ಕಾಣದಿದ್ದರೆ ಕಷ್ಟ ಜಾಸ್ತಿ ಅಲ್ವಾ, ಅದಕ್ಕೇ. ನಾನು ಹೋಟೆಲ್ ರಿಸೆಪ್ಷನ್, ಆ ಕಡೆಯ ಎಂಜಿನಿಯರ್‌ಗೆ ಬಿಸಿನೀರು ಬರುತ್ತಿಲ್ಲ. ಐವತ್ತು ದಾಟಿದ ದೊಡ್ಡ ಮನುಷ್ಯ, ರಿಸೀವರಿನಲ್ಲಿ ಸ್ವಲ್ಪ ಹೊತ್ತು ಬರೀ ಉಸಿರು. ಕಡೆಗೆ "ವಾಟರ್... ಈಸ್ ಸ್ಯಾಡ್" ಅಂದ. ನಾನು ತಿದ್ದಲಿಲ್ಲ. ಕಾದೆ. ಅವನೇ ಸರಿ ಮಾಡಿಕೊಂಡ.

ಟೀಚರ್, ಕಾದು ನೋಡುವುದೇ ಅಲ್ಲಿಯ ಕೆಲಸ. ಕಾಸರಗೋಡಿನ ಬಸ್ಸಿನಲ್ಲಿ ಕಂಡಕ್ಟರಿಗೆ ಮಲಯಾಳ, ಪಕ್ಕದ ಸೀಟಿಗೆ ತುಳು ಮಾತಾಡಿ ಬೆಳೆದವರು ನಾವು. ಎದುರಿನವರಿಗೆ ಎಷ್ಟು ತಲುಪಿತು ಅಂತ ಮುಖ ನೋಡಿದರೆ ತಿಳಿಯುತ್ತದೆ. ನಮ್ಮ ಗುಂಪಿನಲ್ಲಿದ್ದ ಒಬ್ಬ ಇಂಗ್ಲೆಂಡಿನವನಿಗೆ ಅದೇ ಬರುತ್ತಿರಲಿಲ್ಲ, ರೈಲಿನ ಹಾಗೆ ಓಡಿಸುತ್ತಿದ್ದ, ಪಾಪ ಅವರು ಸುಮ್ನೆ ತಲೆಯಾಡಿಸುತ್ತಿದ್ದರು.

ಊಟ: ವೆಜಿಟೇರಿಯನ್ ಅಂತ ಮಾತ್ರ ಬರೆದರೆ ಕೆಟ್ಟಿರಿ. ಸಲಾಡಿನಲ್ಲಿ ಟ್ಯೂನಾ ಮೀನು ಇರುತ್ತದೆ, ಬೇಳೆ ಸಾರಿನ ಹಾಗೆ ಕಾಣುವ ಲೆಂತೇಹಾಸ್‌ನಲ್ಲಿ ಹಂದಿ ಸಾಸೇಜ್, ತೋರ್ತಿಯಾ ಅಂದರೆ ಆಲೂಗಡ್ಡೆ ಮೊಟ್ಟೆ. ಮಾಂಸ, ಮೀನು, ಮೊಟ್ಟೆ ಮೂರೂ ಬೇಡ ಅಂತ ಬಿಡಿಸಿ ಬರೆಯಿರಿ. ಮಿಡಿ ಉಪ್ಪಿನಕಾಯಿ ಒಯ್ಯಿರಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಯುರೋಪ್ ಯೂನಿಯನ್ ಬಿಡುವುದಿಲ್ಲ.

ಉಪ್ಪಳ 671321 ಅಲ್ಲ:
ಫ್ರೀ ಅಂತೆ! ಕಲಿಯಲು ಬರುವವರ ಹತ್ತಿರ, ಎಷ್ಟೋ ಸಲ ಅವರ ಕಂಪನಿ ಹತ್ತಿರ, ಒಳ್ಳೆ ದುಡ್ಡು ತೆಗೆದುಕೊಳ್ಳುತ್ತಾರೆ, ನಮ್ಮ ಬಾಯಿ ನೋಯಿಸಿದ್ದಕ್ಕೆ ಸೂಪು. ಅದಿರಲಿ.

ಟೀಚರೇ, ಟಿಕೆಟ್ ಮಾಡುವ ಮೊದಲು ಎರಡು ವಿಷಯ ಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಕೆಲವರು ನೇಟಿವ್ ಸ್ಪೀಕರ್ ಮಾತ್ರ ಬೇಕು ಅನ್ನುತ್ತಾರೆ, ಭಾರತದವರನ್ನು ಆ ಲೆಕ್ಕಕ್ಕೆ ಸೇರಿಸುತ್ತಾರಾ? ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಈ ಸ್ವಯಂಸೇವೆಗೆ ಯಾವ ವೀಸಾ, ಆಹ್ವಾನ ಪತ್ರ ಕೊಡುತ್ತಾರಾ? ಅರ್ಜಿಯಲ್ಲಿ ಇದ್ದದ್ದನ್ನೇ ಬರೆಯಿರಿ, ಸುಳ್ಳು ಬೇಡ.

ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಫೀಸು 2024ರ ಜೂನ್‌ನಿಂದ 90 ಯೂರೋ, ಮೇಲೆ ಸ್ಪೇನಿನ ಪರವಾಗಿ ಅರ್ಜಿ ತೆಗೆದುಕೊಳ್ಳುವ ಬಿಎಲ್ಎಸ್ ಕಂಪನಿಯವರ ಸರ್ವಿಸ್ ಚಾರ್ಜ್. 30,000 ಯೂರೋ ಕವರ್ ಇರುವ ವಿಮೆ ಬೇಕು. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದರೆ ಆಗುವುದಿಲ್ಲ. ಮಂಗಳೂರು, ಕಣ್ಣೂರು ಎಲ್ಲಿಂದ ಹತ್ತಿದರೂ ದಾರಿಯಲ್ಲಿ ಇಳಿದು ಬೇರೆ ವಿಮಾನ ಹಿಡಿಯಬೇಕು.

ಪೆರ್ಲದ ಮಾಣಿ:
ಸೂಪು ಚೆನ್ನಾಗಿತ್ತು ಮಾರಾಯ್ರೆ.

ಬದಿಯಡ್ಕ ಟೀಚರ್:
ಇಬ್ಬರಿಗೂ ತುಂಬಾ ಉಪಕಾರ ಆಯಿತು. ಮೇಲ್ ಹಾಕಿದ್ದೇನೆ, ಎರಡೂ ಪ್ರಶ್ನೆ ಕೇಳಿದ್ದೇನೆ. ಮೇ ಮೊದಲ ವಾರ ಅಂತ ಬರೆದೆ, ಮದ್ದು ಬಿಡುವ ಮೊದಲೇ ಬಂದಾಗುತ್ತದೆ.

ನಿನ್ನೆ ಸಂಜೆ ಮಗಳ ಜೊತೆ ಫೋನಿನಲ್ಲಿ ಒಂದು ಗಂಟೆ ಇಂಗ್ಲಿಷ್ ಮಾತ್ರ ಅಂತ ಪಂಥ ಕಟ್ಟಿದೆ. ಇಪ್ಪತ್ತು ನಿಮಿಷ ಚೆನ್ನಾಗೇ ಹೋಯಿತು. ಕುಕ್ಕರ್ ಸೀಟಿ ಹೊಡೆದದ್ದೇ, "ತಡೆ, ಗ್ಯಾಸ್ ಆಫ್ ಮಾಡಿಕ್ಕಿ ಬತ್ತೆ" ಅಂತ ಬಾಯಿಗೆ ಬಂತು. ಅವಳು ಫೋನ್ ಇಟ್ಟೇಬಿಟ್ಟಳು.